ಸಿನಿಮಾ ಪ್ರೀತಿ, ಊರಿನ ಸಮಸ್ಯೆ: ಗ್ರೂಪ್ ಪ್ರಾಜೆಕ್ಟ್ ಮಾಡೋದು ಹೇಗೆ?

ಸೆಮಿಸ್ಟರ್ ಶುರುವಾಗಿ ಒಂದು ತಿಂಗಳಾಗುವಷ್ಟರಲ್ಲಿ ನನಗೆ ಈ ಪ್ರಶ್ನೆ ಬಂದೇ ಬರುತ್ತದೆ. "ನಮಗೆ ಮಾಧ್ಯಮ ಮತ್ತು ಪ್ರೀತಿ ಅಂತ ಟಾಪಿಕ್ ಸಿಕ್ಕಿದೆ. ಆರು ಜನ ಇದ್ದೇವೆ. ಎಂತ ಮಾಡುವುದು ಅಂತಲೇ ಗೊತ್ತಾಗುವುದಿಲ್ಲ." ಕೇಳುವವರು ಮಂಗಳೂರಿನ ಪತ್ರಿಕೋದ್ಯಮದ ಮಕ್ಕಳು, ಉಡುಪಿಯ ಸಮಾಜಕಾರ್ಯದವರು, ಕೆಲವೊಮ್ಮೆ ಎನ್ನೆಸ್ಸೆಸ್ ತಂಡದವರು. ಒಬ್ಬೊಬ್ಬರಿಗೇ ಉತ್ತರ ಕೊಟ್ಟು ಸಾಕಾಯಿತು. ಅದಕ್ಕೇ ಇಲ್ಲಿ ಒಟ್ಟಿಗೆ ಬರೆದಿದ್ದೇನೆ.

ಮೊದಲು ಒಂದು ಪದ. ಮಿಥ್ಯೆ ಅಂದರೆ ಎಲ್ಲರೂ ನಿಜ ಅಂದುಕೊಂಡಿರುವ, ಆದರೆ ನಿಜವಲ್ಲದ ನಂಬಿಕೆ. "ಹಠ ಬಿಡದೆ ಹಿಂದೆ ಬಿದ್ದರೆ ಹುಡುಗಿ ಒಪ್ಪೇ ಒಪ್ಪುತ್ತಾಳೆ" ಅನ್ನೋದು ಒಂದು ಮಿಥ್ಯೆ. ಸಿನಿಮಾ, ಧಾರಾವಾಹಿ, ಜಾಹೀರಾತು, ರೀಲ್ಸ್, ವಾಟ್ಸಾಪ್ ಫಾರ್ವರ್ಡ್ ಎಲ್ಲವೂ ಇಂಥ ನಂಬಿಕೆಗಳನ್ನು ಹೊತ್ತು ತರುತ್ತವೆ. ಅದರಲ್ಲಿ ಒಂದನ್ನು ಹಿಡಿದು, ಅದರಿಂದ ನಮ್ಮೂರಿನಲ್ಲಿ ಆಗುತ್ತಿರುವ ಒಂದು ತೊಂದರೆಗೆ ಚಿಕ್ಕ ಪರಿಹಾರ ಹುಡುಕೋದೇ ನಿಮ್ಮ ಪ್ರಾಜೆಕ್ಟ್. ನಾನು ನೋಡಿದ ಹೆಚ್ಚಿನ ಪ್ರಾಜೆಕ್ಟ್‌ಗಳು ಕೆಟ್ಟದ್ದು ಮಕ್ಕಳು ಕೆಲಸ ಮಾಡದೆ ಅಲ್ಲ. ವಿಷಯ ತುಂಬಾ ದೊಡ್ಡದಾಗಿ.

ಶುರು ಮಾಡುವ ಮೊದಲು ಇಷ್ಟು ಕೈಯಲ್ಲಿರಲಿ: ಐದಾರು ಜನರ ತಂಡ, 12 ವಾರ ಸಮಯ, ಒಬ್ಬ ಗೈಡ್, ಕಾಲೇಜಿನ ಲೆಟರ್‌ಹೆಡ್‌ನಲ್ಲಿ ಅನುಮತಿ ಪತ್ರ, ಒಂದು ನೋಟ್‌ಬುಕ್. ಲ್ಯಾಪ್‌ಟಾಪ್ ತಂಡಕ್ಕೆ ಒಂದಿದ್ದರೆ ಸಾಕು. ಖರ್ಚು ಅಂದರೆ ಜೆರಾಕ್ಸ್ ಮತ್ತು ಬಸ್ ಚಾರ್ಜ್, ಅಷ್ಟೇ.

1. ಒಂದೇ ಮಿಥ್ಯೆ ಹಿಡಿಯಿರಿ

"ಯುವಜನರ ಮೇಲೆ ಮಾಧ್ಯಮದ ಪರಿಣಾಮ" ಅಂತ ಶೀರ್ಷಿಕೆ ಬರೆದಿದ್ದರೆ ಈಗಲೇ ಹೊಡೆದು ಹಾಕಿ. ಅದು ಪಿಎಚ್‌ಡಿಗೂ ಜಾಸ್ತಿ.

ಅಮೆರಿಕದ ಅರಿಜೋನಾ ಸ್ಟೇಟ್ ಯೂನಿವರ್ಸಿಟಿಯಲ್ಲಿ ಪಾಠ ಮಾಡುತ್ತಿದ್ದ ಮೇರಿ ಲೂ ಗ್ಯಾಲಿಶಿಯನ್ ಎಂಬ ಪ್ರಾಧ್ಯಾಪಕಿ ಮಾಧ್ಯಮ ಹರಡುವ ಇಂಥ 12 ನಂಬಿಕೆಗಳ ಪಟ್ಟಿ ಮಾಡಿದ್ದರು. ನಿಜವಾದ ಜೋಡಿ ಆಗಿದ್ದರೆ ಹೇಳದೆಯೇ ಮನಸ್ಸು ಓದುತ್ತಾರೆ, ಜಗಳ ಜಾಸ್ತಿ ಇದ್ದರೆ ಪ್ರೀತಿಯೂ ಜಾಸ್ತಿ, ಒಳ್ಳೆ ಹೆಣ್ಣಿನ ಪ್ರೀತಿ ಕೆಟ್ಟವನನ್ನೂ ಬದಲಾಯಿಸುತ್ತದೆ, ಹೀಗೆ. ಆ ಪಟ್ಟಿಯ ಕೊನೆಯದ್ದು ನನಗೆ ಬಹಳ ಇಷ್ಟ: "ಇದೆಲ್ಲ ಬರೀ ಕಥೆ, ನನ್ನ ಮೇಲೆ ಪರಿಣಾಮ ಆಗುವುದಿಲ್ಲ" ಅಂದುಕೊಳ್ಳೋದೂ ಒಂದು ಮಿಥ್ಯೆಯೇ. ಇದು ನಿಮಗೆ 6ನೇ ಹಂತದಲ್ಲಿ ಬೇಕಾಗುತ್ತದೆ, ನೆನಪಿಟ್ಟುಕೊಳ್ಳಿ.

ಆದರೆ ಆ ಪಟ್ಟಿಯನ್ನು ಹಾಗೆಯೇ ಎತ್ತಿ ತರಬೇಡಿ. ನಮ್ಮ ಕಡೆಯ ಮಿಥ್ಯೆಗಳ ರುಚಿ ಬೇರೆ. ಒಂದು ಸಂಜೆ ತಂಡದವರೆಲ್ಲ ಕೂತು ಮನೆಯಲ್ಲಿ, ಬಸ್ಸಿನಲ್ಲಿ, ಕ್ಯಾಂಟೀನಿನಲ್ಲಿ ಕೇಳಿದ ಮಾತುಗಳನ್ನು ಸುಮ್ನೆ ಬರೆಯುತ್ತಾ ಹೋಗಿ. ಇಂಥವು ಬರುತ್ತವೆ:

"ಬೇಡ ಅಂದರೆ ಬೇಕು ಅಂತ ಅರ್ಥ."
"ಪೊಸೆಸಿವ್ ಇದ್ದಾನೆ ಅಂದರೆ ಅಷ್ಟು ಪ್ರೀತಿ ಅಂತ."
"ಪ್ರೀತಿ ಇದ್ದರೆ ಪಾಸ್‌ವರ್ಡ್ ಕೊಡೋಕೆ ಎಂತ ಕಷ್ಟ?"
"ಕುಡಿಯುತ್ತಾನೆ, ಸರಿ. ಮದುವೆ ಆದ ಮೇಲೆ ಸರಿ ಹೋಗುತ್ತಾನೆ."
"ಬೆಳ್ಳಗಿದ್ದರೆ ಬೇಗ ಸಂಬಂಧ ಕೂಡಿ ಬರುತ್ತದೆ."
"ಹುಡುಗ ಹುಡುಗಿ ಒಟ್ಟಿಗೆ ಕೂತಿದ್ದಾರೆ ಅಂದರೆ ಅದು ಲವ್ವೇ."

ಕೊನೆಯದ್ದನ್ನು ಮಕ್ಕಳು ಮಿಥ್ಯೆ ಅಂತ ಲೆಕ್ಕಕ್ಕೇ ತಗೊಳ್ಳುವುದಿಲ್ಲ. ನನ್ನ ಪ್ರಕಾರ ಕರಾವಳಿಯಲ್ಲಿ ಅತಿ ಹೆಚ್ಚು ತೊಂದರೆ ಕೊಟ್ಟ ನಂಬಿಕೆ ಅದೇ. 2009ರ ಜನವರಿಯಲ್ಲಿ ಮಂಗಳೂರಿನ ಒಂದು ಪಬ್ಬಿಗೆ, 2012ರ ಜುಲೈಯಲ್ಲಿ ಪಡೀಲಿನ ಒಂದು ಹೋಮ್‌ಸ್ಟೇಗೆ ನುಗ್ಗಿ ಹುಡುಗ ಹುಡುಗಿಯರನ್ನು ಹೊಡೆದದ್ದು ಟಿವಿಯಲ್ಲಿ ದೇಶವೇ ನೋಡಿದೆ. ಇಂಥ ಗುಂಪುಗಾರಿಕೆಗೆ ನೈತಿಕ ಪೊಲೀಸ್‌ಗಿರಿ ಅನ್ನುತ್ತಾರೆ, ಅಂದರೆ ಯಾರ ಜೊತೆ ಯಾರು ಇರಬೇಕು ಅಂತ ಅಧಿಕಾರವೇ ಇಲ್ಲದವರು ತೀರ್ಮಾನ ಮಾಡಿ ದಂಡಿಸೋದು. ಅದರ ಬುಡದಲ್ಲಿರೋದು ಈ ನಂಬಿಕೆಯೇ, ಅಲ್ವಾ? ಇದನ್ನು ಆಯ್ದುಕೊಳ್ಳುವುದಾದರೆ ಗೈಡ್ ಜೊತೆ ಮೊದಲೇ ಮಾತಾಡಿ. ಬೀದಿಗೆ ಇಳಿಯುವ ಕೆಲಸ ಬೇಡ, ಪತ್ರಿಕೆ ತಲೆಬರಹಗಳ ಮೇಲೆ ಮಾಡಿ. ಅದೇ ಸಾಕಷ್ಟು ಗಟ್ಟಿ ಪ್ರಾಜೆಕ್ಟ್.

2. ಮೂರು ಕಾಲಂ ತುಂಬಿಸಿ

ಒಂದು ಹಾಳೆಯಲ್ಲಿ ಮೂರು ಕಾಲಂ ಎಳೆಯಿರಿ. ಮಿಥ್ಯೆ, ಮಾಧ್ಯಮ, ಸಮಸ್ಯೆ. ಒಂದೊಂದರಲ್ಲಿ ಒಂದೊಂದೇ ವಾಕ್ಯ. ಉದಾಹರಣೆಗೆ:

ಮಿಥ್ಯೆ: ಹಿಂದೆ ಬಿದ್ದರೆ ಒಪ್ಪುತ್ತಾಳೆ. ಮಾಧ್ಯಮ: ಕಳೆದ 3 ವರ್ಷದಲ್ಲಿ ಬಂದ, ತಂಡದವರೆಲ್ಲ ನೋಡಬಹುದಾದ 6 ಕನ್ನಡ ಮತ್ತು ತುಳು ಸಿನಿಮಾ. ಸಮಸ್ಯೆ: ಸಿಟಿ ಬಸ್ಸಿನಲ್ಲಿ, ಸ್ಟಾಪಿನಲ್ಲಿ ನಮ್ಮ ಕಾಲೇಜಿನ ಹುಡುಗಿಯರನ್ನು ಹಿಂಬಾಲಿಸುವುದು.

ಇನ್ನೊಂದು, ಹೊರಗೆ ಓಡಾಡಲು ಆಗದ ತಂಡಕ್ಕೆ: ಮಿಥ್ಯೆ, ಬೆಳ್ಳಗಿದ್ದರೆ ಒಳ್ಳೆ ಸಂಬಂಧ. ಮಾಧ್ಯಮ, ಪತ್ರಿಕೆಯ ವಧು-ವರ ಕಾಲಂ. ಸಮಸ್ಯೆ, ಹುಡುಗಿಯರು ಗೊತ್ತಿಲ್ಲದ ಕ್ರೀಮು ಹಚ್ಚಿಕೊಂಡು ಮುಖ ಹಾಳು ಮಾಡಿಕೊಳ್ಳೋದು. ಫೇರ್ ಆಂಡ್ ಲವ್ಲಿ 2020ರಲ್ಲಿ ಗ್ಲೋ ಆಂಡ್ ಲವ್ಲಿ ಆಯಿತು. ವಧು-ವರ ಕಾಲಂ ಬದಲಾಗಿದೆಯಾ? ಲೈಬ್ರರಿಯಲ್ಲಿ 2010ರ ಒಂದು ತಿಂಗಳ ಭಾನುವಾರದ ಪತ್ರಿಕೆ, ಈ ವರ್ಷದ ಅದೇ ತಿಂಗಳಿನದ್ದು ತೆಗೆದು ಬಣ್ಣ ಹೇಳುವ ಜಾಹೀರಾತು ಎಷ್ಟು ಅಂತ ಎಣಿಸಿ. ಎರಡು ಮಧ್ಯಾಹ್ನದ ಕೆಲಸ.

ಇಲ್ಲೇ ಮೊದಲ ದೊಡ್ಡ ಗುಂಡಿ ಇರೋದು. "ಸಿನಿಮಾ ನೋಡಿ ಹೀಗೆ ಮಾಡುತ್ತಾರೆ" ಅಂತ ಬರೆಯಬೇಡಿ. ಎರಡು ಸಂಗತಿ ಒಟ್ಟಿಗೆ ಕಂಡ ಮಾತ್ರಕ್ಕೆ ಒಂದರಿಂದ ಇನ್ನೊಂದು ಆಯಿತು ಅಂತ ಹೇಳಲಾಗದು. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ, ಅಂದರೆ ಎನ್‌ಸಿಆರ್‌ಬಿ, ತನ್ನ ವಾರ್ಷಿಕ ವರದಿಯಲ್ಲಿ ಕೊಲೆಗಳ ಕಾರಣಗಳಲ್ಲಿ "ಪ್ರೇಮ ಪ್ರಕರಣ" ಅಂತ ಒಂದು ಸಾಲು ಕೊಡುತ್ತದೆ. ಅದನ್ನು ತಂದು ಸಿನಿಮಾ ಪೋಸ್ಟರ್ ಪಕ್ಕ ಅಂಟಿಸಿದರೆ ಏನೂ ಸಾಬೀತಾಗುವುದಿಲ್ಲ. ವೈವಾದಲ್ಲಿ ಮೊದಲ ಪ್ರಶ್ನೆಯೇ ಅದರ ಮೇಲೆ ಬೀಳುತ್ತದೆ. ನೀವು ಹೇಳಬಹುದಾದದ್ದು ಇಷ್ಟೇ: ಈ ಮಾಧ್ಯಮದಲ್ಲಿ ಈ ವರ್ತನೆಯನ್ನು ಹೀಗೆ ತೋರಿಸುತ್ತಾರೆ, ನಮ್ಮ ಕಾಲೇಜಿನಲ್ಲಿ ಇಷ್ಟು ಜನ ಅದನ್ನು ಸರಿ ಅನ್ನುತ್ತಾರೆ. ಇಷ್ಟೇ ಹೇಳಿದರೂ ದೊಡ್ಡದು.

3. ಕೆಲಸ ಹಂಚಿ, ಮಳೆ ಲೆಕ್ಕ ಹಾಕಿ

ಹೆಚ್ಚಿನ ತಂಡಗಳಲ್ಲಿ ಇಬ್ಬರು ದುಡಿಯುತ್ತಾರೆ, ಒಬ್ಬರು ಪಿಪಿಟಿ ಮಾಡುತ್ತಾರೆ, ಉಳಿದವರು ಗ್ರೂಪ್ ಫೋಟೋದಲ್ಲಿ ಇರುತ್ತಾರೆ. ಇದನ್ನು ತಪ್ಪಿಸಲು ಒಂದೇ ದಾರಿ, ಕೆಲಸದ ಡೈರಿ. ಯಾರು, ಯಾವ ದಿನ, ಏನು ಮಾಡಿದರು ಅಂತ ವಾರಕ್ಕೊಮ್ಮೆ ಬರೆದು ಎಲ್ಲರೂ ಸಹಿ ಹಾಕಿ. ಜಗಳ ಆದಾಗ ಅದೇ ಸಾಕ್ಷಿ.

ತಂಡದಲ್ಲಿ ಹುಡುಗ ಹುಡುಗಿಯರು ಇಬ್ಬರೂ ಇರಲಿ. ಬರೀ ಹುಡುಗರೇ ಹೋಗಿ ಹುಡುಗಿಯರಿಗೆ "ನಿಮ್ಮನ್ನು ಯಾರಾದರೂ ಹಿಂಬಾಲಿಸಿದ್ದಾರಾ?" ಅಂತ ಕೇಳಿದರೆ ಸಿಗೋದು ನಗು ಅಥವಾ ಮೌನ.

ಇನ್ನು ಕ್ಯಾಲೆಂಡರ್. ಜೂನ್‌ನಿಂದ ಸೆಪ್ಟೆಂಬರ್ ತನಕ ನಮ್ಮಲ್ಲಿ ಹೊರಗಿನ ಕೆಲಸ ನಂಬುವ ಹಾಗಿಲ್ಲ. ಜುಲೈಯಲ್ಲಿ ಬೀದಿನಾಟಕ ಇಟ್ಟುಕೊಂಡು, ಬೆಳಗ್ಗೆ ಎದ್ದು ನೋಡಿದರೆ ಡಿಸಿ ರಜೆ. ಮಳೆಗಾಲದ ಸೆಮಿಸ್ಟರ್ ಆದರೆ ಮೊದಲ ಅರ್ಧದಲ್ಲಿ ಸಿನಿಮಾ ಮತ್ತು ಪತ್ರಿಕೆ ಎಣಿಸುವ ಕೆಲಸ ಮುಗಿಸಿ. ಅಷ್ಟಮಿ, ಚೌತಿ, ದಸರಾ ವಾರಗಳನ್ನು ಮೊದಲೇ ಕೆಂಪು ಪೆನ್ನಿನಲ್ಲಿ ಗುರುತು ಮಾಡಿ. ಆ ದಿನಗಳಲ್ಲಿ ಉಡುಪಿ ರಥಬೀದಿಯಲ್ಲಾಗಲಿ ಕುದ್ರೋಳಿ ಹತ್ತಿರವಾಗಲಿ ಯಾರೂ ನಿಮ್ಮ ಪ್ರಶ್ನೆಗೆ ನಿಲ್ಲುವುದಿಲ್ಲ.

4. ಅನುಮತಿ ಮತ್ತು ಗುಟ್ಟು

ಈ ಭಾಗವನ್ನು ದಯವಿಟ್ಟು ಹಾರಿಸಬೇಡಿ. ಪ್ರೀತಿ ಪ್ರೇಮದ ವಿಷಯ ನಮ್ಮ ಊರಲ್ಲಿ ಬೇರೆ ವಿಷಯದ ಹಾಗಲ್ಲ. ಒಂದು ಫೋಟೋ ಹೊರಗೆ ಹೋದರೆ ಒಂದು ಹುಡುಗಿಯ ಓದು ನಿಲ್ಲಬಹುದು.

ಯಾವತ್ತೂ ಮಾಡಬಾರದ ಕೆಲಸ ಒಂದಿದೆ. ತಣ್ಣೀರುಬಾವಿ, ಪಣಂಬೂರು, ಮಲ್ಪೆ ಬೀಚಿಗೋ ಕದ್ರಿ ಪಾರ್ಕಿಗೋ ಹೋಗಿ ಜೋಡಿಗಳ ಫೋಟೋ ಅಥವಾ ವಿಡಿಯೋ ತೆಗೆಯುವುದು. "ಮುಖ ಬ್ಲರ್ ಮಾಡುತ್ತೇವೆ" ಅನ್ನುತ್ತಾರೆ. ಬ್ಲರ್ ಮಾಡುವ ಮೊದಲಿನ ಫೋಟೋ ನಿಮ್ಮ ಮೊಬೈಲಿನಲ್ಲಿ ಇರುತ್ತದೆ, ತಂಡದ ವಾಟ್ಸಾಪ್ ಗ್ರೂಪಿನಲ್ಲಿ ಇರುತ್ತದೆ. ಬಟ್ಟೆ, ಬ್ಯಾಗು, ಬೈಕು ನೋಡಿ ಗುರುತು ಹಿಡಿಯುವವರು ಬೇಕಾದಷ್ಟು ಜನ ಇದ್ದಾರೆ. ಅವರಿಬ್ಬರ ಹೆಸರು ಎರಡು ಧರ್ಮದ್ದಾದರಂತೂ ಮುಗಿಯಿತು. ನಿಮಗೆ ಬೀಚಿನ ಚಿತ್ರ ಬೇಕೇ ಬೇಕಾದರೆ ತಂಡದವರ ಚಪ್ಪಲಿಗಳನ್ನು ಮರಳಲ್ಲಿ ಇಟ್ಟು ತೆಗೆಯಿರಿ.

ವಯಸ್ಸು ಎರಡನೆಯದು. ಪಿಯು ಮಕ್ಕಳಲ್ಲಿ ಹೆಚ್ಚಿನವರಿಗೆ 18 ತುಂಬಿರುವುದಿಲ್ಲ. 2012ರ ಪೋಕ್ಸೊ ಕಾಯ್ದೆ ಪ್ರಕಾರ 18ಕ್ಕಿಂತ ಕೆಳಗಿನವರ ಮೇಲೆ ಲೈಂಗಿಕ ಅಪರಾಧ ಆಗಿದೆ ಅಂತ ಗೊತ್ತಾದವರು ಅದನ್ನು ಪೊಲೀಸರಿಗೆ ತಿಳಿಸಲೇಬೇಕು. ಮುಚ್ಚಿಟ್ಟರೆ ಅದೂ ತಪ್ಪೇ. ಅಂದರೆ ಒಬ್ಬಳು ಪಿಯು ಹುಡುಗಿ ನಿಮ್ಮ ಫಾರಂನಲ್ಲಿ ಏನಾದರೂ ಬರೆದಳು ಅಂತಿಟ್ಟುಕೊಳ್ಳಿ, ಆಮೇಲೆ "ಗುಟ್ಟಾಗಿ ಇಡುತ್ತೇವೆ ಅಂದಿದ್ದೆವು" ಅನ್ನುವ ಹಾಗಿಲ್ಲ. ಆದ್ದರಿಂದ ಪಿಯು ಮಕ್ಕಳಿಗೆ ಸ್ವಂತ ಅನುಭವದ ಪ್ರಶ್ನೆ ಬೇಡ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆಯೂ 18 ತುಂಬದವರನ್ನು ಮಕ್ಕಳು ಅಂತಲೇ ನೋಡುತ್ತದೆ. ಡಿಗ್ರಿಯವರನ್ನು ಮಾತ್ರ ತಗೊಂಡರೆ ನಿಮಗೂ ನೆಮ್ಮದಿ.

ಗೂಗಲ್ ಫಾರ್ಮ್ ಮಾಡುವಾಗ ಇಮೇಲ್ ಸಂಗ್ರಹಿಸುವ ಆಯ್ಕೆ ಆಫ್ ಇದೆಯಾ ನೋಡಿ. ಹೆಸರು, ರಿಜಿಸ್ಟರ್ ನಂಬರ್, ಊರು ಕೇಳಬೇಡಿ. ಕ್ಲಾಸು, ಜಾತಿ, ಹಾಸ್ಟೆಲ್ ಮೂರನ್ನೂ ಕೇಳಿದರೆ ಹೆಸರು ಕೇಳಿದ ಹಾಗೆಯೇ ಆಯಿತು.

ಫಾರಂನ ಕೊನೆಯಲ್ಲಿ ಸಹಾಯವಾಣಿಗಳನ್ನು ಹಾಕಿ: ಮಹಿಳೆಯರಿಗೆ 181, ಮಕ್ಕಳಿಗೆ 1098, ತುರ್ತಿಗೆ 112, ಸೈಬರ್ ವಂಚನೆಗೆ 1930, ಮನಸ್ಸಿನ ಕಷ್ಟಕ್ಕೆ ಟೆಲಿ ಮಾನಸ್ 14416. ಯಾರಾದರೂ ಅಳುತ್ತಾ ತಮ್ಮ ಕಥೆ ಹೇಳಿದರೆ ನೀವು ಕೌನ್ಸೆಲಿಂಗ್‌ಗೆ ಇಳಿಯಬೇಡಿ. ಕೇಳಿಸಿಕೊಳ್ಳಿ, ಕಾಲೇಜಿನ ಆಂತರಿಕ ದೂರು ಸಮಿತಿ ಅಥವಾ ಜಿಲ್ಲೆಯ ಸಖಿ ಕೇಂದ್ರದ ದಾರಿ ತೋರಿಸಿ. ಸಖಿ ಅಂದರೆ ಹಿಂಸೆಗೆ ಒಳಗಾದ ಮಹಿಳೆಯರಿಗೆ ವೈದ್ಯರು, ವಕೀಲರು, ಆಪ್ತ ಸಮಾಲೋಚಕರ ನೆರವು ಒಂದೇ ಕಡೆ ಸಿಗುವ ಸರ್ಕಾರಿ ಕೇಂದ್ರ.

5. ನೋಡಿ, ಎಣಿಸಿ

ಇದಕ್ಕೆ ವಿಷಯ ವಿಶ್ಲೇಷಣೆ ಅನ್ನುತ್ತಾರೆ. ಹೆಸರು ದೊಡ್ಡದು, ಕೆಲಸ ಸುಲಭ. ಮೊದಲೇ ಒಂದು ಪಟ್ಟಿ ಮಾಡಿಕೊಂಡು, ಪ್ರತಿ ದೃಶ್ಯಕ್ಕೂ ಅದೇ ಪ್ರಶ್ನೆ ಕೇಳಿ ಟಿಕ್ ಹಾಕೋದು. ಆ ಪಟ್ಟಿಗೆ ಕೋಡ್ ಶೀಟ್ ಅಂತ ಹೆಸರು.

ಒಂದು ದೃಶ್ಯ ಕಲ್ಪಿಸಿಕೊಳ್ಳಿ. ನಾಯಕಿ ಬಸ್ ಇಳಿಯುತ್ತಾಳೆ. ನಾಯಕ ಬೈಕಿನಲ್ಲಿ ಬಂದು ಅಡ್ಡ ನಿಲ್ಲಿಸುತ್ತಾನೆ. ಅವಳು "ದಾರಿ ಬಿಡು" ಅನ್ನುತ್ತಾಳೆ. ಅವನು ಬಿಡುವುದಿಲ್ಲ. ಗೆಳೆಯರು ನಗುತ್ತಾರೆ. ಹಾಡು ಶುರು. ಇದಕ್ಕೆ ನಿಮ್ಮ ಶೀಟ್ ಹೀಗಿರಲಿ:

ಅವಳು ಬೇಡ ಅಂತ ಮಾತಿನಲ್ಲಿ ಹೇಳಿದಳಾ?
ಹೇಳಿದ ಮೇಲೂ ಅವನು ಮುಂದುವರಿಸಿದನಾ?
ಹಿನ್ನೆಲೆಯಲ್ಲಿ ಹಾಡು ಅಥವಾ ತಮಾಷೆಯ ಮ್ಯೂಸಿಕ್ ಇತ್ತಾ?
ಅಲ್ಲಿದ್ದ ಯಾರಾದರೂ ಅವನನ್ನು ತಡೆದರಾ?
ಕಥೆಯ ಕೊನೆಗೆ ಅವನಿಗೆ ಸಿಕ್ಕಿದ್ದು ಏನು, ಹುಡುಗಿಯೋ ಶಿಕ್ಷೆಯೋ, ಏನೂ ಇಲ್ಲವೋ?

ಮೂರನೇ ಪ್ರಶ್ನೆಯನ್ನು ಎಲ್ಲರೂ ಮರೆಯುತ್ತಾರೆ. ಅದೇ ಮುಖ್ಯ. ಒಂದು ಸಲ ಇಂಥ ದೃಶ್ಯವನ್ನು ಮ್ಯೂಟ್ ಮಾಡಿ ನೋಡಿ. ಅಡ್ಡ ನಿಂತ ಬೈಕು, ಹಿಂದೆ ಸರಿಯುವ ಹುಡುಗಿ, ಸುತ್ತ ನಾಲ್ಕು ಗಂಡಸರು. ಹಾಡು ಹೋದರೆ ಉಳಿಯೋದು ಇಷ್ಟೇ. ತಂಡದ ಹುಡುಗರಿಗೆ ನಾನು ಇದನ್ನೇ ಮೊದಲ ದಿನ ಮಾಡಿಸುತ್ತೇನೆ.

ಇಬ್ಬರು ಬೇರೆ ಬೇರೆ ಕೂತು ಅದೇ ದೃಶ್ಯಗಳಿಗೆ ಟಿಕ್ ಹಾಕಬೇಕು. ಆಮೇಲೆ ಹೋಲಿಸಿ. ಒಂದು ಪ್ರಶ್ನೆಗೆ 30 ದೃಶ್ಯಗಳಲ್ಲಿ 24ಕ್ಕೆ ಇಬ್ಬರ ಉತ್ತರವೂ ಒಂದೇ ಆಗಿದ್ದರೆ ಹೊಂದಿಕೆ ಶೇ. 80. ಅದಕ್ಕಿಂತ ಕಡಿಮೆ ಬಂದರೆ ಪ್ರಶ್ನೆ ಸ್ಪಷ್ಟ ಇಲ್ಲ ಅಂತ ಅರ್ಥ, ಶೀಟ್ ತಿದ್ದಿ ಮತ್ತೆ ಮಾಡಿ. ಎಂಎ ಮಕ್ಕಳಾದರೆ ಗೈಡ್ "ಕಪ್ಪಾ" ಲೆಕ್ಕ ಕೇಳಬಹುದು. ಅದು ಅದೃಷ್ಟಕ್ಕೆ ಹೊಂದಿಕೆಯಾದದ್ದನ್ನು ಕಳೆದು ಹೇಳುವ ಅಂಕೆ, ಎಕ್ಸೆಲ್‌ನಲ್ಲೇ ಮಾಡಬಹುದು.

ಸಿನಿಮಾ ಆಯ್ಕೆಯಲ್ಲಿ ಮೋಸ ಮಾಡಬೇಡಿ. ನಿಮ್ಮ ಮಾತಿಗೆ ಒಗ್ಗುವ ಆರು ಸಿನಿಮಾ ಹುಡುಕಿ ತರೋದು ಸುಲಭ. ಮೊದಲು ನಿಯಮ ಬರೆಯಿರಿ, ಆಮೇಲೆ ಸಿನಿಮಾ ಆರಿಸಿ. ಇನ್ನು ಕ್ಲಿಪ್ ವಿಷಯ: ವಿಮರ್ಶೆಗೆ, ಅಧ್ಯಯನಕ್ಕೆ ಚಿಕ್ಕ ತುಣುಕು ಬಳಸಲು 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಸೆಕ್ಷನ್‌ನಲ್ಲಿ ಅವಕಾಶ ಇದೆ. ಆದರೆ ಅದನ್ನು ಯೂಟ್ಯೂಬಿಗೆ ಹಾಕಿದರೆ ಅದರ ಯಂತ್ರ ಕಾನೂನು ಓದುವುದಿಲ್ಲ, ಸೀದಾ ಬ್ಲಾಕ್ ಮಾಡುತ್ತದೆ. ಕ್ಲಾಸಿನೊಳಗೇ ತೋರಿಸಿ.

6. ಜನರನ್ನು ಕೇಳುವುದು

"ಸಿನಿಮಾಗಳು ಯುವಜನರನ್ನು ಹಾಳು ಮಾಡುತ್ತಿವೆಯೇ? ಹೌದು / ಇಲ್ಲ." ಈ ಪ್ರಶ್ನೆ ನಿಮ್ಮ ಫಾರಂನಲ್ಲಿ ಇದ್ದರೆ ತೆಗೆಯಿರಿ. ಹತ್ತರಲ್ಲಿ ಒಂಬತ್ತು ಜನ ಹೌದು ಅನ್ನುತ್ತಾರೆ. "ನಿಮ್ಮನ್ನು?" ಅಂತ ಕೇಳಿ ನೋಡಿ, ಅದೇ ಜನ ಇಲ್ಲ ಅನ್ನುತ್ತಾರೆ. ಮಾಧ್ಯಮ ಬೇರೆಯವರನ್ನು ಕೆಡಿಸುತ್ತದೆ, ನನ್ನನ್ನಲ್ಲ ಅನ್ನುವ ಈ ಲೆಕ್ಕಾಚಾರಕ್ಕೆ ಮೂರನೇ ವ್ಯಕ್ತಿ ಪರಿಣಾಮ ಅಂತ ಹೆಸರು. ಡಬ್ಲ್ಯೂ. ಫಿಲಿಪ್ಸ್ ಡೇವಿಸನ್ ಎಂಬ ಸಮಾಜಶಾಸ್ತ್ರಜ್ಞ 1983ರಲ್ಲಿ ಇದರ ಬಗ್ಗೆ ಬರೆದರು. ಗ್ಯಾಲಿಶಿಯನ್ ಪಟ್ಟಿಯ ಕೊನೆಯ ಸಾಲು ನೆನಪಿದೆಯಲ್ಲ, ಅದೇ ಇದು.

ಹಾಗಾದರೆ ಏನು ಕೇಳೋದು? ಒಂದು ಸಣ್ಣ ಕಥೆ ಕೊಡಿ. ಹೀಗೆ:

"ಒಬ್ಬಳು ದಿನಾ ಲಾಲ್‌ಬಾಗ್‌ನಲ್ಲಿ ಬಸ್ ಹತ್ತಿ ಸುರತ್ಕಲ್‌ನಲ್ಲಿ ಇಳಿಯುತ್ತಾಳೆ. ಒಬ್ಬ ಹುಡುಗ ಎರಡು ವಾರದಿಂದ ಅದೇ ಬಸ್ ಹತ್ತುತ್ತಿದ್ದಾನೆ. ಅವನ ಮನೆ ಆ ಕಡೆ ಅಲ್ಲ. ಅವಳು ಒಮ್ಮೆ 'ನನ್ನ ಹಿಂದೆ ಬರಬೇಡ' ಅಂತ ಹೇಳಿದ್ದಾಳೆ. ಮರುದಿನವೂ ಅವನು ಬಂದ."

ಆಮೇಲೆ ಪ್ರಶ್ನೆ: ಅವನು ಮಾಡಿದ್ದು ಎಷ್ಟು ಸರಿ? 1ರಿಂದ 5ರೊಳಗೆ ಗುರುತು ಹಾಕಿ. ಅವಳು ಯಾರಿಗಾದರೂ ಹೇಳಬೇಕಾ? ಕಂಡಕ್ಟರ್ ಏನಾದರೂ ಮಾಡಬೇಕಾ?

ಇದರಲ್ಲಿ ಒಂದು ಉಪಾಯ ಸೇರಿಸಬಹುದು. ಕಥೆಯ ಎರಡು ಪ್ರತಿ ಮಾಡಿ. ಒಂದರಲ್ಲಿ ಹುಡುಗ "ನೋಡಲು ಚಂದ, ಕಾಲೇಜ್ ಡೇಯಲ್ಲಿ ಹಾಡಿದವನು". ಇನ್ನೊಂದರಲ್ಲಿ ಅವನ ಬಗ್ಗೆ ಏನೂ ಹೇಳಬೇಡಿ. ಉಳಿದದ್ದೆಲ್ಲ ಅಕ್ಷರ ಬಿಡದೆ ಒಂದೇ ಇರಲಿ. ಎರಡನ್ನೂ ಕಲಸಿ ಹಂಚಿ. ಮಾಡಿದ ಕೆಲಸ ಒಂದೇ, ಆದರೂ ಹೀರೋ ಥರದ ಹುಡುಗನಿಗೆ ಜಾಸ್ತಿ ಮಾರ್ಕ್ ಸಿಕ್ಕಿದರೆ ನಿಮಗೆ ಹೇಳಲು ಒಂದು ವಿಷಯ ಸಿಕ್ಕಿತು. ಸಿಗದಿದ್ದರೂ ಅದನ್ನೇ ಬರೆಯಿರಿ. ಫಲಿತಾಂಶ ನಾವು ಅಂದುಕೊಂಡ ಹಾಗೆ ಬರಲಿಲ್ಲ ಅಂತ ಅಂಕೆ ತಿದ್ದಿದ ತಂಡಗಳನ್ನೂ ನೋಡಿದ್ದೇನೆ. ವೈವಾದಲ್ಲಿ ಎರಡೇ ಪ್ರಶ್ನೆಗೆ ಸಿಕ್ಕಿಬೀಳುತ್ತಾರೆ.

ಭಾಷೆ ಬಗ್ಗೆ ಒಂದು ಮಾತು. "ಹಿಂಬಾಲಿಸುವಿಕೆ" ಅಂತ ಫಾರಂನಲ್ಲಿ ಹಾಕಿದರೆ ಪೊಲೀಸ್ ಕೇಸ್ ಅನ್ನಿಸುತ್ತದೆ, ಎಲ್ಲರೂ ತಪ್ಪು ಅನ್ನುತ್ತಾರೆ. "ಲೈನ್ ಹಾಕೋದು" ಅಂತ ಹಾಕಿದರೆ ತಮಾಷೆ ಅನ್ನಿಸುತ್ತದೆ, ಎಲ್ಲರೂ ನಗುತ್ತಾರೆ. ಕೆಲಸ ಅದೇ! ಹೆಸರು ಹೇಳದೆ ನಡೆದದ್ದನ್ನಷ್ಟೇ ವಿವರಿಸಿ, ಮೇಲಿನ ಕಥೆಯ ಹಾಗೆ. ಮನೆಯಲ್ಲಿ ತುಳು, ಬ್ಯಾರಿ, ಕೊಂಕಣಿ ಮಾತಾಡುವವರು ಪಟಪಟ ಉತ್ತರ ಕೊಡುವುದು ಆ ಭಾಷೆಯಲ್ಲೇ. ಗುಂಪು ಚರ್ಚೆಯಲ್ಲಿ ಭಾಷೆ ಬದಲಾಯಿಸಲು ಬಿಡಿ, ಬರೆಯುವಾಗ ಕನ್ನಡಕ್ಕೆ ತನ್ನಿ. ಫಾರಂ ಹಂಚುವ ಮೊದಲು ಐದಾರು ಜನರಿಗೆ ಕೊಟ್ಟು ಎಲ್ಲಿ ತಡವರಿಸುತ್ತಾರೆ ಅಂತ ನೋಡಿ.

ಫಾರಂ ಲಿಂಕನ್ನು ಸ್ಟೇಟಸ್‌ಗೆ ಹಾಕಿ 200 ಉತ್ತರ ಬಂತು ಅಂತ ಖುಷಿ ಪಡಬೇಡಿ. ಅದು ನಿಮ್ಮ ಗೆಳೆಯರ ಅಭಿಪ್ರಾಯ, ಮಂಗಳೂರಿನದ್ದಲ್ಲ. ಸುಲಭಕ್ಕೆ ಸಿಕ್ಕವರನ್ನು ಕೇಳಿದ್ದೇವೆ ಅಂತ ವರದಿಯಲ್ಲಿ ನೇರವಾಗಿ ಬರೆದುಬಿಡಿ, ಯಾರೂ ಮಾರ್ಕ್ ಕಡಿಯುವುದಿಲ್ಲ.

ಪೊಲೀಸ್ ಅಂಕಿಅಂಶ ಬೇಕಾದರೆ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಬಹುದು. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಅದಕ್ಕೇ ಮೊದಲ ವಾರದಲ್ಲೇ ಹಾಕಿ. ಎರಡು ಕಡೆ ಎಡವುತ್ತಾರೆ. ಒಂದು, ಮಂಗಳೂರು ನಗರ ಪೊಲೀಸ್ ಕಮಿಷನರ್ ಕೈಕೆಳಗೆ ಬರುತ್ತದೆ, ದಕ್ಷಿಣ ಕನ್ನಡದ ಉಳಿದ ಭಾಗಕ್ಕೆ ಎಸ್‌ಪಿ ಬೇರೆ. ಒಂದು ಕಚೇರಿಯ ಅಂಕೆಯನ್ನು ಇಡೀ ಜಿಲ್ಲೆಯದ್ದು ಅಂತ ಬರೆದುಬಿಡುತ್ತಾರೆ. ಉಡುಪಿ ಜಿಲ್ಲೆಗೆ ಒಬ್ಬರೇ ಎಸ್‌ಪಿ, ಅಲ್ಲಿ ಈ ತಲೆನೋವಿಲ್ಲ. ಎರಡು, 2024ರ ಜುಲೈ 1ಕ್ಕೆ ಹಳೆಯ ಭಾರತೀಯ ದಂಡ ಸಂಹಿತೆ, ಅಂದರೆ ಐಪಿಸಿ, ಹೋಗಿ ಭಾರತೀಯ ನ್ಯಾಯ ಸಂಹಿತೆ ಬಂತು. ಅದಕ್ಕಿಂತ ಮೊದಲಿನ ಹಿಂಬಾಲಿಸುವಿಕೆ ಪ್ರಕರಣಗಳು ಐಪಿಸಿ 354ಡಿ ಅಡಿ ಇರುತ್ತವೆ, ಆಮೇಲಿನವು ಸಂಹಿತೆಯ 78ರ ಅಡಿ. ಎರಡನ್ನೂ ಕೇಳದಿದ್ದರೆ ಕೇಸ್ ಒಮ್ಮೆಲೇ ಮಾಯವಾದ ಹಾಗೆ ಕಾಣುತ್ತದೆ.

7. ಪರಿಹಾರ: ಸಣ್ಣದು, ಯಾರದ್ದಾದರೂ ಕೈಯಲ್ಲಿ ಆಗುವಂಥದ್ದು

"ಸರ್ಕಾರ ಕ್ರಮ ತೆಗೆದುಕೊಳ್ಳಬೇಕು, ಪೋಷಕರು ಎಚ್ಚರ ವಹಿಸಬೇಕು." ಇದು ಪರಿಹಾರ ಅಲ್ಲ, ಕೈ ತೊಳೆದುಕೊಳ್ಳೋದು. ನೀವು ನಾಲ್ಕು ವಾರದಲ್ಲಿ ಮಾಡಿ ತೋರಿಸುವಂಥದ್ದು ಬೇಕು.

ಬಸ್ಸಿನ ಸಮಸ್ಯೆ ಆದರೆ ಕಂಡಕ್ಟರ್ ಹತ್ತಿರ ಹೋಗಿ. ನಮ್ಮ ಖಾಸಗಿ ಸಿಟಿ ಬಸ್ಸಿನ ಕಂಡಕ್ಟರ್‌ಗೆ ಯಾರು ಎಲ್ಲಿ ಹತ್ತುತ್ತಾರೆ, ಎಲ್ಲಿ ಇಳಿಯುತ್ತಾರೆ ಅಂತ ಪ್ರಾಯಶಃ ನಿಮ್ಮ ಅಮ್ಮನಿಗಿಂತ ಚೆನ್ನಾಗಿ ಗೊತ್ತು. "ಯಾರಾದರೂ ಹುಡುಗಿ ಬಂದು ಹೇಳಿದರೆ ಏನು ಮಾಡುತ್ತೀರಿ?" ಅಂತ ಹತ್ತು ಕಂಡಕ್ಟರ್‌ಗಳನ್ನು ಕೇಳಿ. ಉತ್ತರಗಳಿಂದಲೇ ಒಂದು ಪುಟದ ಸೂಚನೆ ತಯಾರಿಸಿ, ಅವರ ಮಾತಿನಲ್ಲೇ. ಸ್ಟೇಟ್ ಬ್ಯಾಂಕ್ ಸ್ಟ್ಯಾಂಡಿನಲ್ಲಿ ಟ್ರಿಪ್ ಮಧ್ಯೆ ಸಿಗುವ ಹತ್ತು ನಿಮಿಷದಲ್ಲಿ ಮಾತಾಡಿ. ಬಸ್ ಹೊರಡುವಾಗ ಪ್ರಶ್ನೆ ಕೇಳಬೇಡಿ, ಬೈಸಿಕೊಳ್ಳುತ್ತೀರಿ.

ರೇಡಿಯೋ ಇನ್ನೊಂದು ದಾರಿ. ಮಂಗಳೂರಿನಲ್ಲಿ ರೇಡಿಯೋ ಸಾರಂಗ್ 107.8, ಮಣಿಪಾಲದಲ್ಲಿ ರೇಡಿಯೋ ಮಣಿಪಾಲ್ 90.4 ಸಮುದಾಯ ಬಾನುಲಿಗಳು, ಅಂದರೆ ಊರಿನವರ ಕಾರ್ಯಕ್ರಮಕ್ಕೆಂದೇ ಇರುವ ಸ್ಟೇಷನ್‌ಗಳು. ಚೆನ್ನಾಗಿ ಬರೆದ ಹತ್ತು ನಿಮಿಷದ ಸ್ಕ್ರಿಪ್ಟ್ ಹಿಡಿದು ಹೋಗಿ ಕೇಳಿ.

ಕಾನೂನು ಮಾಹಿತಿಗೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಪತ್ರ ಬರೆಯಿರಿ. ಕಾನೂನು ಅರಿವು ಮೂಡಿಸುವುದು ಅವರ ಕೆಲಸವೇ. ಬಂದವರ ಹತ್ತಿರ ಸೆಕ್ಷನ್ ಪಟ್ಟಿ ಓದಿಸಬೇಡಿ. ಒಂದೇ ವಿಷಯ ಬಿಡಿಸಿ ಹೇಳಿಸಿ: ಹುಡುಗಿ ಇಷ್ಟ ಇಲ್ಲ ಅಂತ ಸ್ಪಷ್ಟವಾಗಿ ತೋರಿಸಿದ ಮೇಲೂ ಪದೇ ಪದೇ ಹಿಂದೆ ಹೋಗೋದು, ಮಾತಾಡಿಸಲು ನೋಡೋದು ಅಪರಾಧ. ಅವಳ ಇಂಟರ್‌ನೆಟ್ ಬಳಕೆ ಮೇಲೆ ಕಣ್ಣಿಡೋದೂ ಅಪರಾಧ. ಮೊದಲ ಸಲ 3 ವರ್ಷದವರೆಗೆ, ಮತ್ತೆ ಮಾಡಿದರೆ 5 ವರ್ಷದವರೆಗೆ ಜೈಲು. ಸಿನಿಮಾದಲ್ಲಿ ಇಂಟರ್ವಲ್ ತನಕ ನಡೆಯೋದು ಇದೇ ಅಲ್ವಾ?

ಬೀದಿನಾಟಕ ಮಾಡುವವರಿಗೆ ಎಚ್ಚರಿಕೆ. ಒಂದು ಕಾಲೇಜಿನ ತಂಡಕ್ಕೆ ನಾನೇ ಸಲಹೆ ಕೊಟ್ಟಿದ್ದೆ. ಹಿಂದೆ ಬೀಳುವ ಹುಡುಗನ ಪಾತ್ರಕ್ಕೆ ಒಳ್ಳೆ ನಟ ಸಿಕ್ಕಿದ, ಡೈಲಾಗ್ ಹೊಡೆದ, ಕುಣಿದ. ಜನ ವಿಸಿಲ್ ಹಾಕಿದ್ದೇ ಹಾಕಿದ್ದು. ಕೊನೆಯ ಎರಡು ನಿಮಿಷದ ಬುದ್ಧಿಮಾತು ಯಾರಿಗೂ ಕೇಳಲಿಲ್ಲ. ನಾವು ಸಿನಿಮಾವನ್ನು ಟೀಕಿಸಲು ಹೋಗಿ ಇನ್ನೊಂದು ಸಿನಿಮಾ ಮಾಡಿದ್ದೆವು. ಕಥೆಯನ್ನು ಹುಡುಗಿಯ ಕಡೆಯಿಂದ ಹೇಳಿ. ಅವನು ರಂಗಕ್ಕೇ ಬರಬೇಕಾಗಿಲ್ಲ. ಅವಳು ಸ್ಟಾಪ್ ಬದಲಾಯಿಸೋದು, ಗೆಳತಿಗೆ ಫೋನ್ ಮಾಡೋದು, ಮನೆಯಲ್ಲಿ ಹೇಳಿದರೆ ಕಾಲೇಜು ಬಿಡಿಸುತ್ತಾರೆ ಅಂತ ಸುಮ್ಮನಿರೋದು, ಇಷ್ಟು ಸಾಕು.

ಪೋಸ್ಟರಿಗೂ ಇದೇ ಮಾತು. "ಬೇಡ ಅಂದರೆ ಬೇಕು ಅಂತಲೇ?" ಎಂದು ದೊಡ್ಡದಾಗಿ ಬರೆದು ಕೆಳಗೆ ಚಿಕ್ಕದಾಗಿ "ಇಲ್ಲ" ಅಂತ ಹಾಕುತ್ತಾರೆ. ಓಡುವ ಬಸ್ಸಿನಿಂದ ಓದುವವನಿಗೆ ದೊಡ್ಡದು ಮಾತ್ರ ಕಾಣುತ್ತದೆ. ಪದೇ ಪದೇ ಕಂಡ ಮಾತು ನಿಜ ಅನ್ನಿಸತೊಡಗುತ್ತದೆ ಅನ್ನೋದು 1977ರಿಂದ ಮನಶ್ಶಾಸ್ತ್ರದವರು ಪರೀಕ್ಷೆ ಮಾಡಿ ನೋಡಿದ ವಿಷಯ. ದೊಡ್ಡ ಅಕ್ಷರದಲ್ಲಿ ಸರಿಯಾದ ಮಾತನ್ನೇ ಹಾಕಿ: "ಬೇಡ ಅಂದರೆ ಬೇಡ."

ಹೊರಗೆ ಓಡಾಡುವಾಗ ಎಲ್ಲರ ಕೊರಳಲ್ಲಿ ಕಾಲೇಜ್ ಐಡಿ, ಒಬ್ಬರ ಬ್ಯಾಗಿನಲ್ಲಿ ಪ್ರಿನ್ಸಿಪಾಲರ ಪತ್ರ, ಗೈಡ್ ನಂಬರ್ ಇರಲಿ. ಇಬ್ಬರೇ ಹೋಗಬೇಡಿ, ಕತ್ತಲಾಗುವ ಮೊದಲು ಮುಗಿಸಿ. ಯಾರಾದರೂ ಬಂದು "ನೀವಿಬ್ಬರು ಯಾವ ಜಾತಿ" ಅಂತ ಶುರು ಮಾಡಿದರೆ ವಾದಕ್ಕೆ ಇಳಿಯದೆ ಜನ ಇರುವ ಅಂಗಡಿಗೆ ಹೋಗಿ, 112ಕ್ಕೆ ಫೋನ್ ಮಾಡಿ.

8. ಬದಲಾವಣೆ ಆಯಿತಾ ಅಂತ ನೋಡಿ

ಕಾರ್ಯಕ್ರಮದ ಮೊದಲು ಮತ್ತು ಮೂರು ವಾರದ ನಂತರ ಅದೇ ಜನರಿಗೆ ಅದೇ ಪ್ರಶ್ನೆ ಕೊಡಿ. ಹೆಸರಿಲ್ಲದೆ ಎರಡು ಫಾರಂ ಜೋಡಿಸುವುದು ಹೇಗೆ? ಅವರೇ ಒಂದು ಗುಪ್ತ ಕೋಡ್ ಮಾಡಿಕೊಳ್ಳಲಿ, ಅಮ್ಮನ ಹೆಸರಿನ ಮೊದಲ ಎರಡು ಅಕ್ಷರ ಮತ್ತು ತಾವು ಹುಟ್ಟಿದ ತಾರೀಖು. ಕಾರ್ಯಕ್ರಮ ಮುಗಿದ ಕೂಡಲೇ ಹಾಲ್‌ನಲ್ಲೇ ಕೇಳಿದರೆ ಎಲ್ಲರೂ ನಿಮ್ಮ ಮುಖ ನೋಡಿ ಒಳ್ಳೆ ಉತ್ತರ ಬರೆಯುತ್ತಾರೆ. ಅದಕ್ಕೇ ಮೂರು ವಾರ ಬಿಡಿ ಅಂದದ್ದು.

9. ವರದಿ, ವೈವಾ, ಆಮೇಲೆ

ವರದಿ 25 ಪುಟ ದಾಟಬಾರದು. ಮಾಧ್ಯಮದ ಇತಿಹಾಸ, ದೂರದರ್ಶನ ಯಾವಾಗ ಬಂತು, ಇವೆಲ್ಲ ಬೇಡ. ಕೋಡ್ ಶೀಟ್, ಪ್ರಶ್ನೆಪಟ್ಟಿ, ಕೆಲಸದ ಡೈರಿ ಮೂರನ್ನೂ ಕೊನೆಗೆ ಲಗತ್ತಿಸಿ. ಏನು ಕೆಟ್ಟಿತು ಅಂತ ಒಂದು ಪುಟ ಬರೆಯಿರಿ. ಪರೀಕ್ಷಕರು ಅದನ್ನೇ ಮೊದಲು ಓದುತ್ತಾರೆ, ನಾನೂ ಅಷ್ಟೇ. ವೈವಾದಲ್ಲಿ ಯಾರಿಗೆ ಯಾವ ಪ್ರಶ್ನೆ ಬೇಕಾದರೂ ಬರಬಹುದು. ಪಿಪಿಟಿ ಮಾಡಿದವರಿಗೇ ಕಪ್ಪಾ ಬಗ್ಗೆ ಕೇಳುವ ಪುಣ್ಯಾತ್ಮರು ಇರುತ್ತಾರೆ.

ಫಲಿತಾಂಶ ಬಂದ ಮೇಲೆ ಮಾಡಬೇಕಾದ ಕೆಲಸ ಇನ್ನೂ ಮೂರಿದೆ. ಮಾತಾಡಿಸಿದ ಕಂಡಕ್ಟರ್‌ಗಳಿಗೆ, ಸಹಾಯ ಮಾಡಿದ ಕಚೇರಿಗೆ ಎರಡು ಪುಟದ ಸಾರಾಂಶ ಕನ್ನಡದಲ್ಲಿ ಕೊಡಿ. ತುಂಬಿದ ಫಾರಂಗಳನ್ನು ಹರಿದು ಹಾಕಿ, ಗೂಗಲ್ ಡ್ರೈವ್‌ನಿಂದಲೂ ತೆಗೆಯಿರಿ, ರೆಕಾರ್ಡಿಂಗ್ ಆರು ಮೊಬೈಲಿನಲ್ಲೂ ಡಿಲೀಟ್ ಆಗಿದೆಯಾ ಅಂತ ಒಟ್ಟಿಗೆ ಕೂತು ನೋಡಿ. ಮತ್ತೆ ಪೋಸ್ಟರ್. ಸಾರ್ವಜನಿಕ ಜಾಗದಲ್ಲಿ ಅನುಮತಿ ಇಲ್ಲದೆ ಅಂಟಿಸಿದರೆ 1981ರ ಕರ್ನಾಟಕದ ಕಾಯ್ದೆ ಪ್ರಕಾರ ದಂಡ ಇದೆ, ಆದ್ದರಿಂದ ಪಾಲಿಕೆ ಅಥವಾ ನಗರಸಭೆಯ ಅನುಮತಿ ತಗೊಂಡೇ ಅಂಟಿಸಿರುತ್ತೀರಿ ಅಂದುಕೊಂಡಿದ್ದೇನೆ. ಅನುಮತಿಯ ಕೊನೆಯ ದಿನ ಒಂದು ಬಕೆಟ್ ನೀರು, ಒಂದು ಬ್ರಷ್ ಹಿಡಿದುಕೊಂಡು ನೀವೇ ಹೋಗಿ ಅದನ್ನು ಕಿತ್ತು ಬನ್ನಿ.